ಸೈಟು, ಫ್ಲಾಟು, ಹೋಮ್ ಲೋನ್ ತಕರಾರು: ಯಾವ ಬಾಗಿಲು ತಟ್ಟೋದು?

ಮನೆ, ಜಾಗದ ವಿಷಯದಲ್ಲಿ ಜಗಳ ಶುರುವಾದ ತಕ್ಷಣ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು, "ಒಳ್ಳೆ ಲಾಯರ್ ಯಾರಾದ್ರೂ ಗೊತ್ತಾ?" ನಾನೂ ಮೊದಲ ಸಲ ಹಾಗೇ ಕೇಳಿಕೊಂಡು ಅಲೆದಿದ್ದೆ. ಆಮೇಲೆ ಕುಟುಂಬದ ಮೂರು ತಕರಾರಿನ ಫೈಲು ಹೊತ್ತು ಓಡಾಡಿದ್ದಾಯಿತು. ಒಂದು ಬಿಲ್ಡರ್ ಜೊತೆ, ಒಂದು ಬ್ಯಾಂಕ್ ಜೊತೆ, ಇನ್ನೊಂದು ದಾಯಾದಿಗಳ ಜೊತೆ. ಮೂರಕ್ಕೂ ಹೋಗಬೇಕಾದ ಜಾಗ ಬೇರೆ, ಗಡುವು ಬೇರೆ, ಖರ್ಚೂ ಬೇರೆ. ಲಾಯರ್ ಎಷ್ಟೇ ಚುರುಕಾಗಿರಲಿ, ತಪ್ಪು ಜಾಗದಲ್ಲಿ ಕೇಸು ಹಾಕಿದರೆ ವರ್ಷ ಕಳೆದ ಮೇಲೆ "ಇದು ನಮ್ಮ ವ್ಯಾಪ್ತಿಗೆ ಬರಲ್ಲ" ಅಂತ ಫೈಲು ವಾಪಸ್ ಬರುತ್ತದೆ. ಹಾಗೆ ಕಳೆದ ದಿನಗಳನ್ನು ಲೆಕ್ಕದಿಂದ ಬಿಡಿ ಅಂತ ಕೇಳಿಕೊಳ್ಳಲು ಕಾನೂನಿನಲ್ಲಿ ದಾರಿ ಇದೆ, ಇಲ್ಲ ಅಂತಲ್ಲ. ಆದರೆ ಅದನ್ನು ಒಪ್ಪಿಸುವುದೇ ಇನ್ನೊಂದು ಕೇಸಿನಷ್ಟು ಕೆಲಸ.

ಅದಕ್ಕೇ ಲಾಯರ್ ಹುಡುಕುವ ಮೊದಲು ಎರಡು ವಿಷಯ ಖಚಿತ ಮಾಡಿಕೊಳ್ಳಿ. ಕೊನೆಗೆ ನಿಮ್ಮ ಕೈಗೆ ಏನು ಬರಬೇಕು? ದುಡ್ಡಾ, ಮನೆಯಾ, ಹಕ್ಕಾ, ಅಥವಾ ಸದ್ಯಕ್ಕೆ ಹರಾಜು ನಿಂತರೆ ಸಾಕಾ? ಇನ್ನೊಂದು, ನಿಮ್ಮ ಹತ್ತಿರ ಇರುವ ಕೊನೆಯ ಕಾಗದದ ಮೇಲೆ ಯಾವ ತಾರೀಖಿದೆ? ಮುಂದೆ ಹೇಳುವ ಹೋಲಿಕೆ ಪೂರಾ ಈ ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ಇದು ನಮ್ಮ ದೇಶದ ಕಾನೂನಿನ ಲೆಕ್ಕ. ಕಂದಾಯದ ವಿಷಯ ಬಂದ ಕಡೆ ಕರ್ನಾಟಕದ್ದು.

ಬಿಲ್ಡರ್ ಕೈಕೊಟ್ಟಾಗ: ರೇರಾನಾ, ಗ್ರಾಹಕ ಆಯೋಗನಾ?

ಜಾಸ್ತಿ ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ರೇರಾ ಅಂದರೆ ರಿಯಲ್ ಎಸ್ಟೇಟ್ ಯೋಜನೆಗಳ ಮೇಲೆ ಕಣ್ಣಿಡುವ ಪ್ರಾಧಿಕಾರ, ಅದರ ಕಾಯ್ದೆಗೂ ಅದೇ ಹೆಸರು. ಎರಡೂ ಕಡೆ ಹೋಗಬಹುದು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಒಂದೇ ಪರಿಹಾರಕ್ಕೆ ಎರಡೂ ಕಡೆ ಒಟ್ಟಿಗೆ ಕೂರುವ ಹಾಗಿಲ್ಲ. ಆಯ್ದುಕೊಳ್ಳಬೇಕು.

ರೇರಾ ಕಾಯ್ದೆ 2016ರದ್ದು, ಪೂರ್ತಿ ಜಾರಿಗೆ ಬಂದದ್ದು 2017ರ ಮೇ 1ರಿಂದ. ಜಾಗ 500 ಚದರ ಮೀಟರ್‌ಗಿಂತ ಜಾಸ್ತಿ ಇದ್ದು, 8ಕ್ಕಿಂತ ಹೆಚ್ಚು ಮನೆ ಕಟ್ಟುವ ಯೋಜನೆಯಾದರೆ ನೋಂದಣಿ ಮಾಡಿಸಲೇಬೇಕು. ಕಾಯ್ದೆ ಪೂರ್ತಿ ಜಾರಿಗೆ ಬಂದ ದಿನ ಕೆಲಸ ನಡೆಯುತ್ತಿದ್ದು ಕಂಪ್ಲೀಷನ್ ಸರ್ಟಿಫಿಕೇಟ್ ಸಿಗದೇ ಇದ್ದ ಹಳೆಯ ಯೋಜನೆಗಳಿಗೂ ಇದು ಅನ್ವಯ. ಹೇಳಿದ ತಾರೀಖಿಗೆ ಮನೆ ಕೊಡದಿದ್ದರೆ 18ನೇ ಸೆಕ್ಷನ್ ಪ್ರಕಾರ ನಿಮಗೆ ಎರಡು ದಾರಿ. ಯೋಜನೆ ಬಿಟ್ಟು ಹೊರಗೆ ಬಂದು ಕಟ್ಟಿದ ದುಡ್ಡನ್ನು ಬಡ್ಡಿ ಸಮೇತ ಕೇಳಬಹುದು. ಇಲ್ಲವೇ ಮನೆಯೇ ಬೇಕು ಅಂತ ಕೂತು, ಕೈಗೆ ಬರುವವರೆಗೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೇಳಬಹುದು. ಕರ್ನಾಟಕದ ನಿಯಮದಲ್ಲಿ ಈ ಬಡ್ಡಿ ಸ್ಟೇಟ್ ಬ್ಯಾಂಕಿನ ಅತಿ ಹೆಚ್ಚಿನ ಎಂಸಿಎಲ್‌ಆರ್ (ಸಾಲ ಕೊಡಲು ಬ್ಯಾಂಕು ಇಟ್ಟುಕೊಂಡ ಕನಿಷ್ಠ ಬಡ್ಡಿ) ದರಕ್ಕೆ ಇನ್ನೂ ಶೇ 2 ಸೇರಿಸಿದಷ್ಟು. ಅಂದರೆ ಬಡ್ಡಿ ಎಷ್ಟು ಅಂತ ಯಾರ ಮರ್ಜಿಗೂ ಕಾಯಬೇಕಿಲ್ಲ. ಕೋರ್ಟ್ ತಡೆ ಇತ್ತು, ಅದು ಬಂತು ಇದು ಬಂತು ಅಂತ ಬಿಲ್ಡರ್ ನೆಪ ಹೇಳಿದರೂ ದುಡ್ಡು ವಾಪಸ್ ಕೇಳುವ ಹಕ್ಕಿಗೆ ಅಡ್ಡಿ ಇಲ್ಲ. ಇದನ್ನು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಅದೇ ತೀರ್ಪಿನಲ್ಲಿ ಕೆಲಸ ಹಂಚಿದ್ದೂ ಇದೆ. ಅಸಲು ಮತ್ತು ಬಡ್ಡಿ ಪ್ರಾಧಿಕಾರದ ಕೈಯಲ್ಲಿ, ಇದರಾಚೆಗಿನ ನಷ್ಟ ಪರಿಹಾರ ನ್ಯಾಯನಿರ್ಣಯ ಅಧಿಕಾರಿಯ ಕೈಯಲ್ಲಿ. ಅರ್ಜಿ ನಮೂನೆಯೂ ಬೇರೆ. ಎರಡನ್ನೂ ಒಂದೇ ಅರ್ಜಿಯಲ್ಲಿ ತುರುಕಿ ಸಿಕ್ಕಿಹಾಕಿಕೊಂಡವರನ್ನು ನಾನು ನೋಡಿದ್ದೇನೆ.

ರೇರಾದಲ್ಲಿ ನನಗೆ ತುಂಬಾ ಇಷ್ಟವಾದ ಅಂಶ ಒಂದಿದೆ. ಆದೇಶದ ಮೇಲೆ ಬಿಲ್ಡರ್ ಮೇಲ್ಮನವಿ ಹೋಗಬೇಕಾದರೆ ನಿಮಗೆ ಕೊಡಬೇಕಾದ ಪೂರ್ತಿ ಮೊತ್ತವನ್ನು ಬಡ್ಡಿ ಸಮೇತ ಮೊದಲೇ ಠೇವಣಿ ಇಡಬೇಕು. ಸುಮ್ನೆ ಕಾಲ ತಳ್ಳುವ ಆಟಕ್ಕೆ ಇದು ಒಳ್ಳೆ ಮದ್ದು.

ಇಷ್ಟವಾಗದ್ದು ವಸೂಲಿ. ಆದೇಶ ಬಂತು ಅಂತ ಸಿಹಿ ಹಂಚುವ ಮೊದಲು ತಿಳಿದುಕೊಳ್ಳಿ. ಬಿಲ್ಡರ್ ಕೊಡದಿದ್ದರೆ ರೇರಾ ವಸೂಲಿ ಪತ್ರ ಕೊಡುತ್ತದೆ. ಅದು ಜಿಲ್ಲಾಧಿಕಾರಿಗೆ ಹೋಗಿ, ಅಲ್ಲಿಂದ ತಹಶೀಲ್ದಾರರಿಗೆ ಇಳಿದು, ಭೂಕಂದಾಯ ಬಾಕಿ ವಸೂಲಿ ಮಾಡಿದ ಹಾಗೆ ವಸೂಲಿ ಆಗಬೇಕು. ಕಾಗದದ ಮೇಲೆ ತುಂಬಾ ಗಟ್ಟಿ. ನಿಜದಲ್ಲಿ ತಾಲ್ಲೂಕು ಕಚೇರಿಗೆ ಚುನಾವಣೆಯಿಂದ ಹಿಡಿದು ಬೆಳೆ ಸಮೀಕ್ಷೆವರೆಗೆ ನೂರೆಂಟು ಕೆಲಸ. ನಮ್ಮ ಫೈಲು ಅಲ್ಲಿ ಒಂದೂವರೆ ವರ್ಷ ಕೂತಿತ್ತು. ಕೊನೆಗೆ ಆ ಕಂಪನಿಯ ಹೆಸರಲ್ಲಿ ಇನ್ನೂ ಮಾರಾಟವಾಗದೇ ಉಳಿದಿದ್ದ ಫ್ಲಾಟುಗಳ ಪಟ್ಟಿಯನ್ನು ನಾವೇ ಹುಡುಕಿ, ಇ.ಸಿ. (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ) ಸಮೇತ ಗುಮಾಸ್ತರ ಟೇಬಲ್ ಮೇಲೆ ಇಟ್ಟ ಮೇಲೆ ಫೈಲು ಅಲ್ಲಾಡಿತು. ಹಾಗಾಗಿ ರೇರಾ ವಕೀಲರನ್ನು ಕೇಳಬೇಕಾದ ಮುಖ್ಯ ಪ್ರಶ್ನೆ, "ಆದೇಶ ಬಂದ ಮೇಲೂ ನೀವು ಜೊತೆಗಿರ್ತೀರಾ?"

ಗ್ರಾಹಕ ಆಯೋಗದ ಕಥೆ ಬೇರೆ. 2019ರ ಕಾಯ್ದೆ, 2020ರ ಜುಲೈನಿಂದ ಜಾರಿಯಲ್ಲಿದೆ. ನೀವು ಕಟ್ಟಿದ ಮೊತ್ತ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿವರೆಗೆ ರಾಜ್ಯ ಆಯೋಗ, ಅದರ ಮೇಲೆ ರಾಷ್ಟ್ರೀಯ ಆಯೋಗ. ಎಲ್ಲಕ್ಕಿಂತ ಅನುಕೂಲ ಏನಪ್ಪಾ ಅಂದರೆ ನೀವು ವಾಸ ಇರುವ ಊರಿನಲ್ಲೇ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಕೊಡಬಹುದು. ಆಸ್ತಿ ಇರುವ ಊರಿಗೆ ಓಡಬೇಕಿಲ್ಲ. ಶುಲ್ಕ ಕಡಿಮೆ. ಆದೇಶ ಪಾಲಿಸದವರನ್ನು ಜೈಲಿಗೆ ಕಳಿಸುವ ಅಧಿಕಾರವೂ ಆಯೋಗಕ್ಕಿದೆ. ವಾರಂಟ್ ಅನ್ನುವ ಪದ ಕಿವಿಗೆ ಬಿದ್ದ ಮೇಲೆ ಚೆಕ್ ಬರೆಯುವವರು ಬೇಕಾದಷ್ಟು ಜನ.

ಆದರೆ ಗಡುವು 2 ವರ್ಷ. ಮನೆ ಇನ್ನೂ ಕೈಗೆ ಕೊಟ್ಟೇ ಇಲ್ಲ ಅಂದರೆ ತಪ್ಪು ಮುಂದುವರಿಯುತ್ತಲೇ ಇದೆ ಅಂತ ವಾದಿಸಬಹುದು. ಕೊಟ್ಟಾಗಿದೆ, ಕ್ಲಬ್ ಹೌಸ್ ಕಟ್ಟಿಲ್ಲ, ಪಾರ್ಕಿಂಗ್ ಕಿತ್ತುಕೊಂಡರು ಅನ್ನುವ ದೂರಾದರೆ ದಿನ ಎಣಿಸಿಕೊಳ್ಳಿ. ಇನ್ನೊಂದು ತೊಡಕು ಇದೆ. ಬಾಡಿಗೆ ವ್ಯಾಪಾರಕ್ಕೆ ಅಂತ ನಾಲ್ಕು ಫ್ಲಾಟ್ ಕೊಂಡವರನ್ನು ಗ್ರಾಹಕ ಅಂತ ಒಪ್ಪಿಸುವುದು ಕಷ್ಟ. ಸೈಟಿನಲ್ಲೂ ವ್ಯತ್ಯಾಸ ಇದೆ. ರಸ್ತೆ, ಚರಂಡಿ, ಕರೆಂಟು ಕೊಡ್ತೀವಿ ಅಂತ ಬಡಾವಣೆ ಮಾಡಿ ಮಾರಿದರೆ ಅದು ಸೇವೆ, ಆಯೋಗಕ್ಕೆ ಹೋಗಬಹುದು. ಒಬ್ಬ ಇನ್ನೊಬ್ಬನಿಗೆ ಖಾಲಿ ಜಾಗ ಬರೀ ಮಾರಿದರೆ ಅದು ಮಾರಾಟ ಅಷ್ಟೇ, ಸಿವಿಲ್ ಕೋರ್ಟೇ ಗತಿ.

ನನ್ನನ್ನು ಕೇಳಿದರೆ, ಪೂರ್ತಿ ದುಡ್ಡು ವಾಪಸ್ ಬೇಕು ಮತ್ತು ಯೋಜನೆ ರೇರಾ ವ್ಯಾಪ್ತಿಯಲ್ಲಿದೆ ಅಂದರೆ ರೇರಾ. ಹಳೇ ಕಟ್ಟಡ, ಸೌಲಭ್ಯದ ಕೊರತೆ, ಸಣ್ಣ ಮೊತ್ತದ ಪರಿಹಾರ ಅಂದರೆ ಗ್ರಾಹಕ ಆಯೋಗ. ಗೋಡೆ ಬಿರುಕು, ಸೋರಿಕೆ ತರಹದ ಕಟ್ಟಡದ ದೋಷಕ್ಕೆ ಮಾತ್ರ ರೇರಾನೇ ಚೆನ್ನಾಗಿದೆ. ಮನೆ ಕೈಗೆ ಬಂದ 5 ವರ್ಷದೊಳಗೆ ತಿಳಿಸಿದರೆ 30 ದಿನದಲ್ಲಿ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿ ಮಾಡಿಕೊಡಬೇಕು. ವಾಟ್ಸಾಪ್‌ನಲ್ಲಿ ಫೋಟೋ ಹಾಕಿ ಸುಮ್ಮನಾಗಬೇಡಿ, ಇಮೇಲ್ ಅಥವಾ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ತಿಳಿಸಿ. ಎರಡೂ ಕಡೆ ಲಾಯರ್ ಇಲ್ಲದೆ ನೀವೇ ವಾದಿಸಬಹುದು. ಲೆಕ್ಕ ಸರಳವಾಗಿದ್ದರೆ ಅದೇ ಸಾಕು.

ಇನ್ನು ಬಿಲ್ಡರ್ ಕಂಪನಿಯೇ ದಿವಾಳಿ ಪ್ರಕ್ರಿಯೆಗೆ ಹೋಗಿದ್ದರೆ ಮೇಲಿನ ಮಾತೆಲ್ಲ ಬದಿಗಿಡಿ. ಅದರ ಮೇಲಿನ ಎಲ್ಲ ಕೇಸುಗಳೂ ನಿಂತುಬಿಡುತ್ತವೆ. ಆಗ ಮಾಡಬೇಕಾದ ಕೆಲಸ ಒಂದೇ, ಪತ್ರಿಕೆಯಲ್ಲಿ ಬರುವ ಪ್ರಕಟಣೆಯ ಗಡುವಿನೊಳಗೆ 'ಸಿಎ' ನಮೂನೆಯಲ್ಲಿ ನಿಮ್ಮ ಕ್ಲೇಮು ಸಲ್ಲಿಸುವುದು. ಮನೆ ಕೊಂಡವರೇ ಸೇರಿ ದಿವಾಳಿ ಕೇಸು ನೋಡುವ ಕಂಪನಿ ಕಾನೂನು ನ್ಯಾಯಮಂಡಳಿ, ಅಂದರೆ ಎನ್‌ಸಿಎಲ್‌ಟಿಗೆ ಹೋಗುವ ದಾರಿಯೂ ಇದೆ. ಅದಕ್ಕೆ ಅದೇ ಯೋಜನೆಯ 100 ಜನ ಅಥವಾ ಶೇ 10 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಬೇಕು. ಹೆದರಿಸೋಕೆ ಚೆನ್ನಾಗಿದೆ. ಆದರೆ ಕಂಪನಿ ಒಮ್ಮೆ ಅಲ್ಲಿ ಬಿದ್ದರೆ ನಿಮ್ಮ ಮನೆ ಯಾವಾಗ ಏಳುತ್ತದೆ ಅಂತ ಯಾರೂ ಹೇಳಲಾರರು. ಕೊನೆಯ ಅಸ್ತ್ರ ಅಂದುಕೊಳ್ಳಿ.

ಬ್ಯಾಂಕ್ ನೋಟಿಸ್ ಬಾಗಿಲಿಗೆ ಅಂಟಿದಾಗ

ಇಲ್ಲಿ ಸ್ವಲ್ಪ ನಿಂತು ಓದಿ. ಬೇರೆ ಕೇಸುಗಳಲ್ಲಿ ವರ್ಷಗಟ್ಟಲೆ ಸಮಯ ಇರುತ್ತದೆ. ಇಲ್ಲಿ ಲೆಕ್ಕ ದಿನಗಳಲ್ಲಿ.

ನಮ್ಮ ಚಿಕ್ಕಪ್ಪ ವ್ಯಾಪಾರಕ್ಕೆ ಅಂತ ಮನೆ ಅಡವಿಟ್ಟು ಸಾಲ ತೆಗೆದಿದ್ದರು. ನಾಲ್ಕು ಕಂತು ಬಾಕಿಯಾಯಿತು. ಒಂದು ದಿನ ಬ್ಯಾಂಕಿನಿಂದ ದಪ್ಪ ಲಕೋಟೆ ಬಂತು. ಚಿಕ್ಕಮ್ಮ ಅದನ್ನು ಉಳಿದ ಬ್ಯಾಂಕ್ ಪತ್ರಗಳ ಜೊತೆ ದೇವರ ಮನೆ ಪಕ್ಕದ ಗೂಡಿನಲ್ಲಿ ಇಟ್ಟರು. ತೆಗೆದು ಓದಿದವರಿಲ್ಲ. ಮೂರು ತಿಂಗಳಾದ ಮೇಲೆ ಇಬ್ಬರು ಬಂದು ಗೇಟಿಗೆ ಒಂದು ಕಾಗದ ಅಂಟಿಸಿ, ಅದರ ಫೋಟೋ ತೆಗೆದುಕೊಂಡು ಹೋದರು. ಆಮೇಲೆ ಗೂಡಿನ ಲಕೋಟೆ ಒಡೆದು ನೋಡಿದರೆ, ಅದು 13(2) ನೋಟಿಸು.

ಕ್ರಮ ಹೀಗಿರುತ್ತದೆ. 90 ದಿನ ಬಾಕಿ ಉಳಿದರೆ ಬ್ಯಾಂಕಿನ ಲೆಕ್ಕದಲ್ಲಿ ಅದು ಕೆಟ್ಟ ಸಾಲ, ಅಂದರೆ ಎನ್‌ಪಿಎ ಆಗುತ್ತದೆ. ಆಮೇಲೆ, ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ಮಾರಿ ಸಾಲ ವಸೂಲಿ ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯ ಕೆಳಗೆ 13(2) ನೋಟಿಸು ಬರುತ್ತದೆ, 60 ದಿನದಲ್ಲಿ ಪೂರ್ತಿ ಬಾಕಿ ಕಟ್ಟಿ ಅಂತ. ಈ 60 ದಿನ ಚಿನ್ನದಂಥ ಸಮಯ. ಆ ನೋಟಿಸಿಗೆ ನೀವು ಲಿಖಿತ ಆಕ್ಷೇಪಣೆ ಕೊಡಬಹುದು. ಬಡ್ಡಿ ಲೆಕ್ಕ ತಪ್ಪಿದೆ, ಕಟ್ಟಿದ ಕಂತು ಜಮಾ ಮಾಡಿಲ್ಲ, ಹೀಗೆ. ಕೊಟ್ಟರೆ ಬ್ಯಾಂಕು 15 ದಿನದಲ್ಲಿ ಕಾರಣ ಸಮೇತ ಉತ್ತರಿಸಲೇಬೇಕು. ಸಾಲ ಮರುಹೊಂದಾಣಿಕೆ ಮಾತಾಡೋದಾದರೂ ಇದೇ ಹೊತ್ತಿನಲ್ಲಿ ಮಾತಾಡಬೇಕು. 60 ದಿನ ಕಳೆದರೆ 13(4) ಪ್ರಕಾರ ಸ್ವಾಧೀನದ ನೋಟಿಸು ಅಂಟಿಸಿ, ಎರಡು ಪತ್ರಿಕೆಯಲ್ಲಿ ಹಾಕಿಸುತ್ತಾರೆ. ಒಂದು ನಿಮ್ಮ ಭಾಷೆಯ ಪತ್ರಿಕೆಯಾಗಿರಬೇಕು. ಅಲ್ಲಿಂದ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿ, ಅಂದರೆ ಡಿಆರ್‌ಟಿಗೆ, 17ನೇ ಸೆಕ್ಷನ್ ಕೆಳಗೆ ಅರ್ಜಿ ಹಾಕಬೇಕು.

ಚಿಕ್ಕಪ್ಪ ಏನು ಮಾಡಿದರು ಗೊತ್ತಾ? ಹಿಂದೆ ಅವರ ಪಾಲು ವಿಭಾಗದ ಕೇಸು ಗೆದ್ದುಕೊಟ್ಟಿದ್ದ ಲಾಯರ್ ಹತ್ತಿರ ಹೋದರು. ಒಳ್ಳೆಯ ಮನುಷ್ಯ, ಸಿವಿಲ್‌ನಲ್ಲಿ ಪಳಗಿದವರು. ಅವರು ಅಭ್ಯಾಸದ ಮೇಲೆ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆಗೆ ದಾವೆ ಹಾಕಿಬಿಟ್ಟರು. ಸರ್ಫೇಸಿ ಕ್ರಮಕ್ಕೆ ಸಿವಿಲ್ ಕೋರ್ಟ್ ತಡೆ ಕೊಡುವ ಹಾಗಿಲ್ಲ ಅಂತ ಅದೇ ಕಾಯ್ದೆಯ 34ನೇ ಸೆಕ್ಷನ್ ಹೇಳುತ್ತದೆ. ಮೂರು ವಾರ ಅಲ್ಲಿ ಹೋಯಿತು. ನಾವು ಬೆಂಗಳೂರಿನ ಡಿಆರ್‌ಟಿ ಮೆಟ್ಟಿಲು ಹತ್ತಿದ್ದು 41ನೇ ದಿನ. ಅರ್ಜಿ ದಾಖಲಾಯಿತು ಅಂತ ಫೋನ್ ಬರುವವರೆಗೆ ಚಿಕ್ಕಮ್ಮ ಊಟ ಮಾಡಿರಲಿಲ್ಲ.

ಡಿಆರ್‌ಟಿಯಲ್ಲಿ ಏನು ಸಿಗುತ್ತದೆ, ಏನು ಸಿಗಲ್ಲ ಅನ್ನೋದು ಗೊತ್ತಿರಲಿ. "ಕಷ್ಟದಲ್ಲಿದ್ದೇವೆ, ದಯವಿಟ್ಟು ಬಿಡಿ" ಅನ್ನುವ ಮಾತಿಗೆ ಅಲ್ಲಿ ತೂಕ ಕಡಿಮೆ. ಬ್ಯಾಂಕು ಕಾನೂನಿನ ಹೆಜ್ಜೆ ತಪ್ಪಿದೆಯಾ ಅಂತ ನೋಡುತ್ತಾರೆ. ನೋಟಿಸು ಸರಿಯಾದ ವಿಳಾಸಕ್ಕೆ ಹೋಗಿದೆಯಾ? ಹರಾಜಿಗೆ ಮುಂಚೆ ಸಾಲಗಾರನಿಗೆ 30 ದಿನದ ನೋಟಿಸು ಕೊಟ್ಟಿದ್ದಾರಾ? ಆಸ್ತಿ ಕೃಷಿ ಭೂಮಿಯಾ? ಕೃಷಿ ಭೂಮಿಯ ಮೇಲೆ ಸರ್ಫೇಸಿ ನಡೆಯುವುದಿಲ್ಲ. ಉಳಿದ ಬಾಕಿ ಅಸಲು ಬಡ್ಡಿ ಸೇರಿದ ಮೊತ್ತದ ಶೇ 20ಕ್ಕಿಂತ ಕಡಿಮೆ ಇದ್ದರೂ ನಡೆಯುವುದಿಲ್ಲ. ನಮ್ಮ ಕೇಸಿನಲ್ಲಿ ಹರಾಜು ನೋಟಿಸಿಗೂ ಹರಾಜಿಗೂ ನಡುವೆ ಇದ್ದದ್ದು 19 ದಿನ. ಹರಾಜು ನಿಂತಿತು, ಆದರೆ ಒಂದು ಪಾಲು ದುಡ್ಡು ಕಟ್ಟಬೇಕು ಅನ್ನುವ ಷರತ್ತಿನ ಮೇಲೆ. ತಡೆ ಕೊಡುವಾಗ ಸಾಮಾನ್ಯವಾಗಿ ಹೀಗೆ ಷರತ್ತು ಇರುತ್ತದೆ. ಹಾಗಾಗಿ ಕೈಯಲ್ಲಿ ಸ್ವಲ್ಪವಾದರೂ ದುಡ್ಡು ಹೊಂದಿಸಿಕೊಂಡೇ ಹೋಗಿ. ಚಿಕ್ಕಮ್ಮನ ಬಳೆ ಹೋಯಿತು, ಮನೆ ಉಳಿಯಿತು. ಕೊನೆಗೆ ಬ್ಯಾಂಕಿನ ಜೊತೆ ಒಂದೇ ಬಾರಿಯ ತೀರುವಳಿಯಲ್ಲಿ ಮುಗಿಯಿತು.

ಹಣ ಹೊಂದಿಸಿ ಪೂರ್ತಿ ಕಟ್ಟಿ ಆಸ್ತಿ ಬಿಡಿಸಿಕೊಳ್ಳಬೇಕು ಅಂತಿದ್ದರೆ ಹರಾಜಿನ ದಿನದವರೆಗೂ ಸಮಯ ಇದೆ ಅಂತ ತುಂಬಾ ಜನ ನಂಬಿದ್ದಾರೆ. 2016ರ ತಿದ್ದುಪಡಿ ಆದ ಮೇಲೆ ಹಾಗಿಲ್ಲ. ಹರಾಜಿನ ಪ್ರಕಟಣೆ ಹೊರಬರುವುದರೊಳಗೆ ಕಟ್ಟಬೇಕು. ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನೇ ಗಟ್ಟಿ ಮಾಡಿತು.

ಡಿಆರ್‌ಟಿಯಲ್ಲಿ ಸೋತರೆ ಮೇಲ್ಮನವಿ ಚೆನ್ನೈನ ಡಿಆರ್‌ಎಟಿಗೆ, 30 ದಿನದೊಳಗೆ. ಸಾಲದ ಅರ್ಧ ಠೇವಣಿ ಇಡಬೇಕು, ಮಂಡಳಿ ಮನಸ್ಸು ಮಾಡಿದರೆ ಶೇ 25ಕ್ಕೆ ಇಳಿಸಬಹುದು. ಅಷ್ಟು ದುಡ್ಡಿದ್ದರೆ ಇಷ್ಟೆಲ್ಲ ಯಾಕೆ ಬರುತ್ತಿತ್ತು ಅಲ್ವಾ? ಅದಕ್ಕೇ ಕೆಳಗಿನ ಹಂತದಲ್ಲೇ ಗಟ್ಟಿಯಾಗಿ ನಿಲ್ಲಬೇಕು. "ಸೀದಾ ಹೈಕೋರ್ಟಿಗೆ ರಿಟ್ ಹಾಕೋಣ" ಅನ್ನುವವರು ಸಿಗುತ್ತಾರೆ. ಡಿಆರ್‌ಟಿ ಇರುವಾಗ ಹೈಕೋರ್ಟುಗಳು ಸಾಮಾನ್ಯವಾಗಿ ಇಂಥ ರಿಟ್ ತೆಗೆದುಕೊಳ್ಳಬಾರದು ಅಂತ ಸುಪ್ರೀಂ ಕೋರ್ಟ್ 2010ರಿಂದಲೂ ಹೇಳುತ್ತಾ ಬಂದಿದೆ. ನಿಮ್ಮ 45 ದಿನ ಮಾತ್ರ ಅಲ್ಲಿ ಕರಗುತ್ತದೆ.

ಬ್ಯಾಂಕಿನ ಜೊತೆಯ ಸಣ್ಣ ಜಗಳಕ್ಕೆ ಲಾಯರ್ ಬೇಡ

ಸಾಲ ತೀರಿದೆ, ಪತ್ರ ವಾಪಸ್ ಕೊಡುತ್ತಿಲ್ಲ. ಬಡ್ಡಿ ಇಳಿದರೂ ಇಳಿಸಿಲ್ಲ. ಕೇಳದ ವಿಮೆ ಸೇರಿಸಿದ್ದಾರೆ. ಇಂಥದ್ದಕ್ಕೆ ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಅಧಿಕಾರಿ, ಅಂದರೆ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ಹಾಕಿ. ಒಂದು ಪೈಸೆ ಖರ್ಚಿಲ್ಲ. ಸಾಲ ಕೊಟ್ಟದ್ದು ಬ್ಯಾಂಕ್ ಅಲ್ಲ, ಹೌಸಿಂಗ್ ಫೈನಾನ್ಸ್ ಕಂಪನಿ ಅಂದರೆ ದೂರು ಹೋಗಬೇಕಾದ್ದು ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ. ಹೆಸರು ನೋಡಿದರೆ ವ್ಯತ್ಯಾಸ ಗೊತ್ತಾಗಲ್ಲ, ಸಾಲದ ಕರಾರು ಪತ್ರದ ಮೊದಲ ಪುಟ ನೋಡಿ.

ಪತ್ರಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ನಿಯಮ ತುಂಬಾ ಸ್ಪಷ್ಟ. 2023ರ ಡಿಸೆಂಬರ್ 1ರಿಂದ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಅಸಲು ದಾಖಲೆ ವಾಪಸ್ ಕೊಡಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು. ಈ ಒಂದು ಸಾಲನ್ನು ದೂರಿನಲ್ಲಿ ಬರೆದರೆ ಸಾಕು, ಕಳೆದುಹೋಗಿದೆ ಅನ್ನುತ್ತಿದ್ದ ಫೈಲು ತಾನಾಗಿ ಸಿಗುತ್ತದೆ! ಆದರೆ ಒಂದು ಮಾತು. ಒಂಬುಡ್ಸ್‌ಮನ್‌ಗೆ ದೂರು ಕೊಟ್ಟಿದ್ದೇನೆ ಅಂತ ಹರಾಜು ನಿಲ್ಲುವುದಿಲ್ಲ. ಎರಡನ್ನೂ ಬೆರೆಸಬೇಡಿ.

ಹಕ್ಕು, ಪಾಲು, ಭೋಗ್ಯ: ಇವಕ್ಕೆ ಸಿವಿಲ್ ಕೋರ್ಟೇ

ಜಾಗ ಯಾರದ್ದು ಅನ್ನುವ ಪ್ರಶ್ನೆ ಬಂದರೆ ಬೇರೆ ದಾರಿ ಇಲ್ಲ. ಆಸ್ತಿ ಎಲ್ಲಿದೆಯೋ ಅಲ್ಲಿನ ಸಿವಿಲ್ ಕೋರ್ಟು. ಕೋರ್ಟ್ ಶುಲ್ಕ ಆಸ್ತಿಯ ಬೆಲೆ ಮತ್ತು ದಾವೆಯ ಬಗೆ ನೋಡಿಕೊಂಡು ಬೀಳುತ್ತದೆ. ವಾಯಿದೆ ಮೇಲೆ ವಾಯಿದೆ. ಕೇಸು ಹಾಕಿದವರ ಮಕ್ಕಳು ತೀರ್ಪು ಕೇಳುವುದು ಉತ್ಪ್ರೇಕ್ಷೆಯ ಮಾತೇನಲ್ಲ. ಹಾಗಂತ ತಪ್ಪಿಸಿಕೊಳ್ಳಲು ತಹಶೀಲ್ದಾರರ ಹತ್ತಿರ, ಎಸಿ ಹತ್ತಿರ, ಡಿಸಿ ಹತ್ತಿರ ಮ್ಯುಟೇಷನ್ (ಪಹಣಿಯಲ್ಲಿ ಹೆಸರು ಬದಲಾವಣೆ) ತಕರಾರು ನಡೆಸುತ್ತಾ ಕೂರುವವರಿದ್ದಾರೆ. ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ಸರಿ, ಅಲ್ಲಿಗೇ ಹೋಗಬೇಕು. ಆದರೆ ಪಹಣಿ, ಖಾತಾ ಎರಡೂ ಹಕ್ಕುಪತ್ರವಲ್ಲ. ಕಂದಾಯ ಅಧಿಕಾರಿಗಳು ಹಕ್ಕು ತೀರ್ಮಾನಿಸಲಾರರು. ಅಲ್ಲಿ ಗೆದ್ದವರು ಸಿವಿಲ್ ಕೋರ್ಟಿನಲ್ಲಿ ಸೋತ ಉದಾಹರಣೆ ಬೇಕಾದಷ್ಟಿವೆ.

ಪೊಲೀಸ್ ಠಾಣೆಯೂ ಹಾಗೇ. ಸಹಿ ನಕಲು ಮಾಡಿದ್ದಾರೆ, ಖೋಟಾ ಪತ್ರ ಸೃಷ್ಟಿಸಿದ್ದಾರೆ ಅಂದರೆ ದೂರು ಕೊಡಲೇಬೇಕು. ಜಾಗದ ಸ್ವಾಧೀನ ಬಿಡಿಸಿಕೊಡಿ ಅಂತ ಠಾಣೆಗೆ ಹೋದರೆ ಅವರಿಗೆ ಆ ಅಧಿಕಾರ ಇಲ್ಲ.

ಅಗ್ರಿಮೆಂಟ್ ಮಾಡಿಕೊಂಡು ಮುಂಗಡ ಕೊಟ್ಟಿದ್ದೀರಿ, ಮಾಲೀಕ ರಿಜಿಸ್ಟರ್ ಮಾಡಿಕೊಡುತ್ತಿಲ್ಲ ಅಂದರೆ ಗಡುವು 3 ವರ್ಷ. ಅಗ್ರಿಮೆಂಟಿನಲ್ಲಿ ತಾರೀಖು ಹಾಕಿದ್ದರೆ ಆ ದಿನದಿಂದ, ಇಲ್ಲದಿದ್ದರೆ ಅವನು ಆಗಲ್ಲ ಅಂದದ್ದು ನಿಮಗೆ ಗೊತ್ತಾದ ದಿನದಿಂದ. ಮತ್ತೆ, ಉಳಿದ ಹಣ ಕೊಡಲು ನೀವು ಮೊದಲಿಂದಲೂ ಸಿದ್ಧರಿದ್ದಿರಿ ಅಂತ ತೋರಿಸಬೇಕು. ಬ್ಯಾಂಕ್ ಪಾಸ್‌ಬುಕ್, ಲೋನ್ ಮಂಜೂರಾತಿ ಪತ್ರ ಎತ್ತಿಡಿ. ಕಡಿಮೆ ಬೆಲೆಯ ಛಾಪಾ ಕಾಗದದಲ್ಲಿ ಬರೆಸಿ, ಸ್ವಾಧೀನವನ್ನೂ ಅದರಲ್ಲೇ ಬರೆಸಿಕೊಂಡವರಿಗೆ ಇನ್ನೊಂದು ಏಟು ಕಾದಿರುತ್ತದೆ. ಕೋರ್ಟಿನಲ್ಲಿ ಆ ಪತ್ರ ಹಾಜರು ಮಾಡಿದಾಗ ಕೊರತೆ ಬಿದ್ದ ಮುದ್ರಾಂಕ ಶುಲ್ಕ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟಬೇಕಾಗಿ ಬರಬಹುದು. ಲಾಯರ್ ಈ ಲೆಕ್ಕವನ್ನು ಮೊದಲ ದಿನವೇ ಹೇಳಿದರೆ ಅವರಿಗೆ ಕೆಲಸ ಗೊತ್ತಿದೆ ಅಂತ ಅರ್ಥ.

ಕೇಸು ನಡೆಯುವಾಗ ಎದುರಾಳಿ ಆಸ್ತಿ ಮಾರಿಬಿಟ್ಟರೆ? ಕೊಂಡವನೂ ಕೋರ್ಟಿನ ತೀರ್ಪಿಗೆ ಬದ್ಧ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಸೆಕ್ಷನ್ ಹಾಗೆ ಹೇಳುತ್ತದೆ. ಆದರೂ ತಡೆಯಾಜ್ಞೆ ಕೇಳುವುದು ಒಳ್ಳೆಯದು. ನಿಮ್ಮ ಮೇಲೆ ಯಾರಾದರೂ ತಡೆಯಾಜ್ಞೆ ತರಬಹುದು ಅನ್ನಿಸಿದರೆ ಕೆವಿಯೆಟ್ ಹಾಕಿ, ಅಂದರೆ ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಅನ್ನುವ ಅರ್ಜಿ. 90 ದಿನ ನಡೆಯುತ್ತದೆ. ಸಣ್ಣ ಖರ್ಚು, ನಿದ್ದೆ ಬರುತ್ತದೆ.

ಊರ ಕಡೆಯ ಭೋಗ್ಯದ ಜಗಳ ಒಂದಿದೆ. ಅಜ್ಜ ಯಾವತ್ತೋ ಜಮೀನು ಭೋಗ್ಯಕ್ಕೆ ಕೊಟ್ಟಿರುತ್ತಾರೆ, ಈಗ ಆ ಕಡೆಯವರು "30 ವರ್ಷ ಆಗಿಹೋಯ್ತು, ಇನ್ನು ನಮ್ಮದೇ" ಅನ್ನುತ್ತಾರೆ. ಹೆದರಬೇಡಿ. ಸ್ವಾಧೀನ ಕೊಟ್ಟು ಫಸಲಿನಿಂದ ತೀರಿಸಿಕೊಳ್ಳುವ ಭೋಗ್ಯದಲ್ಲಿ ಪತ್ರ ಬರೆದ ದಿನದಿಂದ 30 ವರ್ಷ ಎಣಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಬರೀ ಕಾಲ ಕಳೆದದ್ದಕ್ಕೆ ಅವರು ಮಾಲೀಕರಾಗುವುದಿಲ್ಲ. ಆದರೆ ಪತ್ರ ಓದಿ ನೋಡಿ. ಅದು ಭೋಗ್ಯಪತ್ರವೋ, ಷರತ್ತಿನ ಕ್ರಯವೋ? ದುಡ್ಡು ಕೊಟ್ಟರೆ ಜಮೀನು ವಾಪಸ್ ಅನ್ನುವ ಷರತ್ತು ಕ್ರಯಪತ್ರದ ಒಳಗೇ ಇದ್ದರೆ ಅದನ್ನು ಅಡಮಾನ ಅಂತ ವಾದಿಸಬಹುದು. ಬೇರೆ ಹಾಳೆಯಲ್ಲಿ ಬರೆದುಕೊಂಡಿದ್ದರೆ ಕಾನೂನು ಅದನ್ನು ಅಡಮಾನ ಅನ್ನುವುದಿಲ್ಲ. ಒಂದು ಹಾಳೆಯ ವ್ಯತ್ಯಾಸಕ್ಕೆ ಎಕರೆಗಟ್ಟಲೆ ಹೋಗಿದೆ.

ರಾಜಿ ಯಾವಾಗ?

ದಾಯಾದಿ ಜಗಳಕ್ಕೆ, ಮುಂಗಡ ವಾಪಸಾತಿಗೆ, ಬ್ಯಾಂಕಿನ ತೀರುವಳಿಗೆ ರಾಜಿ ಒಳ್ಳೆಯದು. ಮೀಡಿಯೇಷನ್‌ನಲ್ಲಿ ಮಾತು ಮುರಿದರೆ ಕೇಸು ಇದ್ದಲ್ಲೇ ಮುಂದುವರಿಯುತ್ತದೆ, ನಷ್ಟ ಇಲ್ಲ. ಲೋಕ ಅದಾಲತ್‌ನಲ್ಲಿ ಮಾತ್ರ ಸಹಿ ಹಾಕುವ ಮೊದಲು ಎರಡು ಸಲ ಓದಿ. ಅಲ್ಲಿನ ಒಪ್ಪಂದ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಸಿಗುತ್ತದೆ ಅನ್ನುವುದು ಲಾಭ. ಎದುರಾಳಿ ಬರೀ ಕಾಲ ತಳ್ಳಲು ರಾಜಿ ರಾಜಿ ಅನ್ನುತ್ತಿದ್ದರೆ ಮಾತುಕತೆ ಒಂದು ಕಡೆ ನಡೆಯಲಿ, ನಿಮ್ಮ ಕೇಸು ಗಡುವಿನೊಳಗೆ ದಾಖಲಾಗಿರಲಿ. ಮಾತಾಡುತ್ತಿದ್ದೆವು ಸ್ವಾಮಿ ಅಂದರೆ ಗಡುವು ನಿಲ್ಲುವುದಿಲ್ಲ.

ಈಗ ಲಾಯರ್

ಫೀಸು ಕೊಡಲು ಕೈಯಲ್ಲಿಲ್ಲ ಅಂದರೆ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ತಾಲ್ಲೂಕು ಕೋರ್ಟಿನಲ್ಲೂ ಅದರ ಸಮಿತಿ ಇರುತ್ತದೆ, ಫೋನ್ 15100. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಪಾಲಿನ ಕೇಸು ನಡೆಸುತ್ತಿರುವ ಎಷ್ಟೋ ಅಕ್ಕತಂಗಿಯರಿಗೆ ಇದು ಗೊತ್ತೇ ಇಲ್ಲ. ಉಚಿತ ಅಂದರೆ ಕಳಪೆ ಅಂತ ಮೂಗು ಮುರಿಯುವವರೂ ಇದ್ದಾರೆ. ನಾನು ನೋಡಿದ ಮಟ್ಟಿಗೆ, ವ್ಯಕ್ತಿ ನೋಡಿ ಹೇಳಬೇಕು ಅಷ್ಟೇ. ದುಡ್ಡು ತೆಗೆದುಕೊಂಡವರಲ್ಲೂ ಎರಡೂ ತರಹದವರಿದ್ದಾರೆ.

ದುಡ್ಡು ಕೊಟ್ಟು ಇಟ್ಟುಕೊಳ್ಳುವುದಾದರೆ, ನಿಮ್ಮ ಕೇಸು ಎಲ್ಲಿ ನಡೆಯುತ್ತದೋ ಅಲ್ಲಿ ವಾರಕ್ಕೆರಡು ಸಲವಾದರೂ ನಿಲ್ಲುವವರನ್ನು ಹುಡುಕಿ. ಕ್ರಯಪತ್ರ ಬರೆಯುವ, ಲೀಗಲ್ ಒಪೀನಿಯನ್ ಕೊಡುವ ವಕೀಲರು ಬೇರೆ, ಸಾಕ್ಷಿ ಪಾಟೀಸವಾಲು ಮಾಡುವವರು ಬೇರೆ, ಡಿಆರ್‌ಟಿಯವರು ಬೇರೆ. ಸಾಲ ಕೊಡುವಾಗ ಬ್ಯಾಂಕಿನ ಪ್ಯಾನೆಲ್ ವಕೀಲರು ಒಪ್ಪಿದ್ದಾರೆ, ಆದ್ದರಿಂದ ಟೈಟಲ್ ಸರಿ ಇದೆ ಅಂತ ನಂಬಬೇಡಿ. ಅವರು ನೋಡಿದ್ದು ಬ್ಯಾಂಕಿಗಾಗಿ. ಬಿಲ್ಡರ್ ತೋರಿಸಿದ ವಕೀಲರ ಬಗ್ಗೆ ಹೇಳಲೇಬೇಕಿಲ್ಲ.

"ಗೆದ್ದರೆ ಇಷ್ಟು ಪರ್ಸೆಂಟ್ ಕೊಡಿ, ಈಗ ಏನೂ ಬೇಡ" ಅಂದರೆ ಎದ್ದು ಬನ್ನಿ. ಫಲಿತಾಂಶದ ಮೇಲೆ ಫೀಸು ಕಟ್ಟಿಕೊಳ್ಳುವುದಕ್ಕೆ ನಮ್ಮಲ್ಲಿ ವಕೀಲರ ಪರಿಷತ್ತಿನ ನಿಯಮ ಒಪ್ಪುವುದಿಲ್ಲ. ಹಂತ ಹಂತವಾಗಿ ಮಾತಾಡಿಕೊಳ್ಳಿ: ನೋಟಿಸಿಗೆ ಇಷ್ಟು, ದಾಖಲು ಮಾಡಲು ಇಷ್ಟು, ತಡೆಯಾಜ್ಞೆಗೆ ಇಷ್ಟು, ಸಾಕ್ಷಿ ಹಂತಕ್ಕೆ ಇಷ್ಟು. ಟೈಪಿಂಗ್, ಗುಮಾಸ್ತರ ಖರ್ಚು ಅದರಲ್ಲಿ ಸೇರಿದೆಯಾ ಕೇಳಿ. ಕೇಳಲು ಸಂಕೋಚ ಬೇಡ. ಮತ್ತೊಂದು ಪ್ರಶ್ನೆಯನ್ನು ನಾನು ಈಗ ತಪ್ಪದೆ ಕೇಳುತ್ತೇನೆ, "ಸಾರ್, ನಾವು ಸೋತರೆ ಯಾವ ಕಾರಣಕ್ಕೆ ಸೋಲ್ತೀವಿ?" ಉತ್ತರಕ್ಕೆ ಮೊದಲು ಫೈಲು ತಿರುವಿ ಹಾಕಿದವರ ಹತ್ತಿರ ಉಳಿಯಬಹುದು. ಫೈಲು ಮುಟ್ಟದೆ "ನೂರಕ್ಕೆ ನೂರು ನಮ್ದೇ" ಅಂದವರಿಗೆ ಕಾಫಿ ಕುಡಿದು ನಮಸ್ಕಾರ ಹೇಳಿ.

ವಕೀಲರನ್ನು ಬದಲಾಯಿಸುವ ಹಕ್ಕು ನಿಮ್ಮದು. ಫೀಸು ಬಾಕಿ ಇದೆ ಅಂತ ನಿಮ್ಮ ಕಾಗದಪತ್ರ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ, ಸುಪ್ರೀಂ ಕೋರ್ಟ್ 2000ರಲ್ಲೇ ಹೇಳಿದೆ. ಆದರೆ ವಕೀಲರ ಸೇವೆ ಸರಿ ಇಲ್ಲ ಅಂತ ಗ್ರಾಹಕ ಆಯೋಗಕ್ಕೆ ಹೋಗುವ ದಾರಿ 2024ರ ತೀರ್ಪಿನಿಂದ ಮುಚ್ಚಿದೆ. ನಡತೆಯ ದೂರು ರಾಜ್ಯ ವಕೀಲರ ಪರಿಷತ್ತಿಗೆ ಹೋಗಬೇಕು. ಅದಕ್ಕಿಂತ ಸುಲಭ, ಅಸಲು ಪತ್ರ ಯಾರ ಕೈಗೂ ಕೊಡದಿರುವುದು. ಕೋರ್ಟಿಗೆ ಹಾಜರು ಮಾಡುವ ದಿನದವರೆಗೆ ಜೆರಾಕ್ಸ್ ಸಾಕು.

ಮೊದಲ ಭೇಟಿಗೆ ಹೋಗುವಾಗ ಒಂದು ಹಾಳೆಯಲ್ಲಿ ತಾರೀಖುಗಳನ್ನು ಮಾತ್ರ ಬರೆದುಕೊಂಡು ಹೋಗಿ. ಅಗ್ರಿಮೆಂಟ್ ಯಾವತ್ತು, ದುಡ್ಡು ಯಾವತ್ತು ಎಷ್ಟು, ನೋಟಿಸು ಯಾವತ್ತು ಬಂತು, ಗೇಟಿಗೆ ಅಂಟಿಸಿದ್ದು ಯಾವತ್ತು. ಕಥೆ ಆಮೇಲೆ ಹೇಳಿದರೂ ನಡೆಯುತ್ತದೆ. ಜೊತೆಗೆ ನಿಮ್ಮ ಹೆಸರು, ಎದುರಾಳಿ ಹೆಸರು ಎರಡನ್ನೂ ಇ-ಕೋರ್ಟ್ಸ್ ತಾಣದಲ್ಲಿ ಒಮ್ಮೆ ಹುಡುಕಿ ನೋಡಿ, ಇದೇ ಆಸ್ತಿ ಮೇಲೆ ಬೇರೆ ಯಾರಾದರೂ ಮೊದಲೇ ಕೇಸು ಹಾಕಿರಬಹುದು. ಮತ್ತೆ, ನೋಟಿಸು ಬಂದ ಲಕೋಟೆ ಎಸೆಯಬೇಡಿ. ಒಳಗಿನ ಕಾಗದದಲ್ಲಿ ಬ್ಯಾಂಕಿನವರು ಹಾಕಿದ ತಾರೀಖು ಇರುತ್ತದೆ, ನಿಜವಾಗಿ ಯಾವತ್ತು ಕಳಿಸಿದರು ಅಂತ ಹೇಳುವುದು ಲಕೋಟೆ ಮೇಲಿನ ಅಂಚೆ ಮುದ್ರೆ. ಚಿಕ್ಕಮ್ಮ ಈಗ ಎಲ್ಲ ಲಕೋಟೆಯನ್ನೂ ಒಡೆದು, ಬಂದ ದಿನವನ್ನು ಅದರ ಮೇಲೇ ಪೆನ್ನಿನಲ್ಲಿ ಬರೆದು, ಅದೇ ಗೂಡಿನಲ್ಲಿ ಇಡುತ್ತಾರೆ. ಕರೆಂಟ್ ಬಿಲ್ಲನ್ನೂ ಬಿಟ್ಟಿಲ್ಲ.